ದಾರಿಯಲ್ಲಿ ತೋಟ ಕಂಡರೆ

ಮೊನ್ನೆ ನೆಲಮಂಗಲದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವಾಗ ನಡುದಾರಿಯಲ್ಲಿ ನಮ್ಮ ಕಾರಿನ ಟೈರು ಪಂಕ್ಚರ್ ಆಯಿತು. ನನ್ನ ಯಜಮಾನರು ಸ್ಟೆಪ್ನಿ ತೆಗೆಯಲು ಡಿಕ್ಕಿ ತೆರೆದರು. ಸ್ಟೆಪ್ನಿ ಸಿಗುವುದಕ್ಕೆ ಮುಂಚೆ ಅವರಿಗೆ ಏನೇನೋ ಸಿಕ್ಕಿತು. ಒಂಬತ್ತು ಬಟ್ಟೆ ಚೀಲಗಳು, ಒಂದು ಗೋಣಿಚೀಲ, ಒಣಗಿ ಕಡ್ಡಿಯಾದ ಎರಡು ನುಗ್ಗೇಕಾಯಿ, ಕತ್ತಲಲ್ಲೇ ಮೊಳಕೆ ಒಡೆದ ಒಂದು ಸುವರ್ಣಗೆಡ್ಡೆ. ಅವನ್ನೆಲ್ಲ ಒಂದೊಂದಾಗಿ ತೆಗೆದು ರಸ್ತೆಯ ಬದಿಗೆ ಸಾಲಾಗಿ ಇಟ್ಟರು. ಬೈಕಿನಲ್ಲಿ ಹೋಗುತ್ತಿದ್ದವನೊಬ್ಬ ನಿಲ್ಲಿಸಿ, "ಗೆಡ್ಡೆ ಹೆಂಗಕ್ಕಾ ಕೆಜಿ?" ಎಂದು ಕೇಳಿಯೂಬಿಟ್ಟ.

"ಇದು ಕಾರೋ, ಸಂತೆ ಗಾಡಿಯೋ?" ಎಂದರು ಯಜಮಾನರು. ಆಮೇಲೆ ಕಂದು ಬಣ್ಣದ ಒಂದು ಚೀಲವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಹಿಡಿ ಕಿತ್ತೋಗಿದೆ. ಇದನ್ನಾದ್ರೂ ಬಿಸಾಕ್ಲಾ?" ಎಂದರು.

"ಅದನ್ನ ಮುಟ್ಟಿದ್ರೆ ನೋಡಿ!" ಎಂದೆ. ನನ್ನ ದನಿ ಸ್ವಲ್ಪ ಜೋರಾಗಿಯೇ ಬಂತು. ಅದು ಒಂದು ಸೀರೆಯ ಜೊತೆ ಬಂದ ರವಿಕೆ ಕಣದಲ್ಲಿ ಹೊಲಿದ ಚೀಲ. ಹೊಲಿದು ಕೊಟ್ಟವಳು ಆವತಿಯ ಹತ್ತಿರದ ಒಂದು ತೋಟದ ಮುನಿಯಮ್ಮ. ಆ ಸೀರೆಯನ್ನು ನೇಯ್ದವರು ನಮ್ಮಪ್ಪ. ಆ ಚೀಲ ನನ್ನ ಡಿಕ್ಕಿಗೆ ಹೇಗೆ ಬಂತು ಎಂದು ಹೇಳದಿದ್ದರೆ ನನಗೆ ತಿಂದ ಅನ್ನ ಅರಗುವುದಿಲ್ಲ. ಆದರೆ ನೇರವಾಗಿ ಹೇಳುವುದೂ ನನ್ನಿಂದಾಗದ ಕೆಲಸ. ದಾರಿಯಲ್ಲಿ ತೋಟ ಕಂಡಲ್ಲೆಲ್ಲ ನಿಲ್ಲುತ್ತ ಹೋಗುವ ವಂಶ ನಮ್ಮದು, ಮಾತಿನಲ್ಲೂ ಅಷ್ಟೇ.

ನಮ್ಮಪ್ಪ ದೊಡ್ಡಬಳ್ಳಾಪುರದ ನೇಕಾರರು. ಮನೆಯ ಮುಂದಿನ ಹಾಲ್‌ನಲ್ಲೇ ಎರಡು ಪವರ್‌ಲೂಮ್ ಇದ್ದವು. ಆ ಸದ್ದಿನಲ್ಲಿ ಹುಟ್ಟಿ ಬೆಳೆದ ನಾವೆಲ್ಲ ಕೂಗಿಯೇ ಮಾತಾಡುವವರು. ಮದುವೆಯಾದ ಹೊಸತರಲ್ಲಿ ನಮ್ಮತ್ತೆ ಪಾಪ ನನ್ನನ್ನು ಪಕ್ಕಕ್ಕೆ ಕರೆದು, "ಯಾರ ಮೇಲಮ್ಮಾ ನಿಂಗೆ ಇಷ್ಟು ಕೋಪ?" ಎಂದು ಕೇಳಿದ್ದರು. ನಾನು ಆಗ ಹೇಳಿದ್ದು "ಕಾಫಿ ಆಗಿದೆ ಬನ್ನಿ" ಅಂತ ಅಷ್ಟೇ.

ನಮ್ಮ ಮನೆಯಲ್ಲಿ ಬಣ್ಣಗಳಿಗೆ ಹೆಸರು ಬಂದದ್ದೆಲ್ಲ ಅಡುಗೆಮನೆಯಿಂದ. ಈರುಳ್ಳಿ ಸಿಪ್ಪೆ, ಬದನೆಕಾಯಿ, ಹಸಿಮೆಣಸಿನಕಾಯಿ, ಹಲಸಿನ ತೊಳೆ, ದಾಳಿಂಬೆ ಕಾಳು. ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು ಒಂದು ಕಮಲದ ಚಿತ್ರ ತೋರಿಸಿ ಇದು ಯಾವ ಬಣ್ಣ ಎಂದು ಕೇಳಿದಾಗ ನಾನು ಎದ್ದು ನಿಂತು ಧೈರ್ಯವಾಗಿ "ಈರುಳ್ಳಿ ಸಿಪ್ಪೆ ಸಾರ್" ಎಂದಿದ್ದೆ. ಆ ವರ್ಷವೆಲ್ಲ ನನ್ನ ಹೆಸರು ಈರುಳ್ಳಿ.

ಹೀಗಾಗಿ ಅಪ್ಪ ಎಲ್ಲಿಗೆ ಹೊರಟರೂ ದಾರಿಯಲ್ಲಿ ತೋಟ ಕಂಡರೆ ಸ್ಕೂಟರ್ ತಾನೇ ನಿಲ್ಲುತ್ತಿತ್ತು. ಬೇರೆಯವರು ತಿನ್ನಲಿಕ್ಕೆಂದು ತರಕಾರಿ ಕೊಂಡರೆ ಅಪ್ಪ ಕೊಳ್ಳುತ್ತಿದ್ದದ್ದು ಬಣ್ಣಕ್ಕೆಂದು. ಗಿಡದಿಂದ ಆಗಷ್ಟೇ ಕಿತ್ತ ಒಂದು ಬದನೆಕಾಯಿ ಹಿಡಿದು ಬಿಸಿಲಿಗೆ ಹೊರಳಿಸಿ ಹೊರಳಿಸಿ ನೋಡುವರು. ಮಾರನೆಯ ದಿನ ಅದನ್ನು ಜೇಬಿನಲ್ಲಿಟ್ಟುಕೊಂಡು ನೂಲಿಗೆ ಬಣ್ಣ ಹಾಕುವವರ ಹತ್ತಿರ ಹೋಗಿ, "ಇದೇ ಬಣ್ಣ ಬೇಕು, ಒಂದೆಳೆ ಆಚೆ ಈಚೆ ಆಗ್ಬಾರ್ದು" ಎನ್ನುವರು. ಅಮ್ಮ ಇತ್ತ ಬೇಳೆ ಬೇಯಿಸಿಕೊಂಡು ಕಾಯುತ್ತಿದ್ದರೆ, ಹುಳಿಗೆ ಬೀಳಬೇಕಾದ ಬದನೆಕಾಯಿ ಅಲ್ಲಿ ಬಣ್ಣದ ಮನೆಯಲ್ಲಿ ನೂಲಿನ ಲಡಿಗಳ ಪಕ್ಕ ಕೂತಿರುತ್ತಿತ್ತು. ಸಂಜೆಗೆ ಅದು ಸುಕ್ಕು ಹಿಡಿದು ವಾಪಸ್ಸು ಬಂದಾಗ ಅಮ್ಮ, "ನೋಡಿ ಆಯ್ತಾ? ಈಗ ನಾವು ತಿನ್ಬಹುದಾ?" ಎನ್ನುತ್ತಿದ್ದರು.

ದೊಡ್ಡಬಳ್ಳಾಪುರದ ಸುತ್ತ ಆಗ ದ್ರಾಕ್ಷಿ ಚಪ್ಪರಗಳು ಬಹಳ. ಎಲೆಗೆ ಮೈಲುತುತ್ತದ ಔಷಧಿ ಹೊಡೆದಿರುತ್ತಿದ್ದರು. ಹಸಿರೆಲೆಯ ಮೇಲೆ ತೆಳ್ಳಗೆ ನೀಲಿ ಪುಡಿ ಕೂತಿರುತ್ತಿತ್ತು. ನಾವು ಮಕ್ಕಳು ಹಣ್ಣು ನೋಡಿ ಬಾಯಿ ಚಪ್ಪರಿಸುತ್ತಿದ್ದರೆ ಅಪ್ಪ ಎಲೆ ನೋಡುತ್ತಿದ್ದರು. "ತೊಳೀದೆ ತಿಂದ್ರೆ ಹೊಟ್ಟೆ ನೋವು" ಎಂದು ತೋಟದವರು ಬೋರ್‌ವೆಲ್ ನೀರಿನ ತೊಟ್ಟಿಯಲ್ಲಿ ಗೊಂಚಲನ್ನು ಅದ್ದಿ ಕೊಡುವರು. ತಣ್ಣಗೆ, ಹುಳಿ ಹುಳಿ, ಬೀಜದ ದ್ರಾಕ್ಷಿ. ಆ ರುಚಿಗೆ ಈಗಲೂ ನನ್ನ ದವಡೆ ಜುಮ್ಮೆನ್ನುತ್ತದೆ.

ನನ್ನ ಪ್ರತಾಪವನ್ನೂ ಒಂದು ಹೇಳಿಬಿಡುತ್ತೇನೆ. ಆರೇಳು ವರ್ಷದವಳಿರುವಾಗ ಹೊಸಕೋಟೆ ಕಡೆಯ ಒಂದು ತೋಟದಲ್ಲಿ ಮೂಲಂಗಿ ಎಷ್ಟು ದಪ್ಪ ಆಗಿದೆ ನೋಡೋಣವೆಂದು ಒಂದನ್ನು ಕಿತ್ತೆ. ಬೆರಳಷ್ಟೇ ಇತ್ತು. ಬೇಜಾರಾಗಿ ಮತ್ತೆ ಅದೇ ಕುಳಿಗೆ ತುರುಕಿ ಮಣ್ಣು ಮುಚ್ಚಿದೆ. ಪಕ್ಕದ್ದು ನೋಡಿದೆ, ಅದೂ ಬೆರಳಷ್ಟೇ. ಹೀಗೆ ಒಂದು ಸಾಲು ಪೂರ್ತಿ ಪರೀಕ್ಷೆ ಮಾಡಿ ಮುಗಿಸಿದ್ದೆ. ತೋಟದ ಅಜ್ಜ ಹಿಂದೆಯೇ ನಿಂತಿದ್ದರಂತೆ. ಬೈಯಲಿಲ್ಲ. "ಏನವ್ವಾ, ಎಲ್ಲಾ ಪಾಸಾ?" ಎಂದರು. ಹೊರಡುವಾಗ ಒಂದು ಕಟ್ಟು ದಂಟಿನ ಸೊಪ್ಪು ಕೈಗಿಟ್ಟು ಕಳಿಸಿದರು. ಈಗ ನಾನು ಹೈಸ್ಕೂಲಿನಲ್ಲಿ ಮೇಷ್ಟರಮ್ಮ. ಉತ್ತರ ಪತ್ರಿಕೆ ತಿದ್ದುವಾಗ ಆ ಅಜ್ಜನ ಮಾತು ಎಷ್ಟೋ ಸಲ ನೆನಪಾಗಿದೆ, ಎಷ್ಟೋ ಮಕ್ಕಳಿಗೆ ಅದರಿಂದ ಎರಡು ಅಂಕ ಹೆಚ್ಚು ಸಿಕ್ಕಿದೆ.

ಒಮ್ಮೆ ಶಿವಗಂಗೆಗೆ ಹೊರಟವರು ದಾರಿಯಲ್ಲಿ ಮೂರು ತೋಟದಲ್ಲಿ ನಿಂತು ಬೆಟ್ಟದ ಬುಡ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿ ಗುಡಿ ಬಾಗಿಲು ಹಾಕಿಯಾಗಿತ್ತು. ಅಮ್ಮ ಕೆಂಡವಾದರು. ಅಪ್ಪ ತಣ್ಣಗೆ, "ದೇವ್ರು ಬೆಟ್ಟದ್ ಮೇಲೇ ಇರ್ತಾನೆ ಕಣೇ, ಎಲ್ಲೋಗ್ತಾನೆ? ಸೊಪ್ಪು ಬಾಡೋಗ್ತದೆ" ಎಂದರು. ಸಂಜೆ ಬಾಗಿಲು ತೆರೆಯುವ ತನಕ ನಾವು ಮರದ ನೆರಳಲ್ಲಿ ಕೂತು ಸೌತೆಕಾಯಿ ತಿಂದೆವು. ಅಮ್ಮನೇ ಜಾಸ್ತಿ ತಿಂದರು ಎಂದು ಅಪ್ಪ ಇವತ್ತಿಗೂ ಹೇಳುತ್ತಾರೆ.

ಮುನಿಯಮ್ಮನ ತೋಟ ಸಿಕ್ಕಿದ್ದು ನನ್ನ ಮದುವೆಯಾಗಿ ಎಷ್ಟೋ ವರ್ಷವಾದ ಮೇಲೆ. ಗೌರಿ ಹಬ್ಬದ ಆಸುಪಾಸು, ದೇವನಹಳ್ಳಿ ದಾಟಿ ಆವತಿಯ ಕಡೆ ಹೋಗುತ್ತಿದ್ದೆವು. ಚಕ್ಕೋತ ಮರಗಳು ಹಣ್ಣು ಹೊತ್ತು ಬಾಗಿದ್ದವು. ದೇವನಹಳ್ಳಿ ಚಕ್ಕೋತ ಎಂದರೆ ನಿಮಗೆ ಹೇಳಬೇಕೇ? ಒಂದು ಹಣ್ಣು ಬಿಡಿಸಿದರೆ ಮನೆಮಂದಿಯೆಲ್ಲ ತಿನ್ನಬಹುದು. ಅಪ್ಪ ಇಳಿದವರೇ ಅಲ್ಲಿ ರಾಶಿ ಹಾಕಿದ್ದರಲ್ಲಿ ಎಲ್ಲಕ್ಕಿಂತ ನುಣ್ಣಗೆ, ಹಳದಿಯಾಗಿ ಫಳಫಳ ಹೊಳೆಯುತ್ತಿದ್ದ ಒಂದನ್ನು ಎತ್ತಿಕೊಂಡರು.

"ಅದು ಬೇಡ ಯಜಮಾನ್ರೇ, ಇದು ತಗಳಿ" ಎಂದು ಮುನಿಯಮ್ಮ ಮಾಸಲು ಹಸಿರಿನ, ಸಿಪ್ಪೆಯ ಮೇಲೆ ಕಲೆಯಿದ್ದ ಒಂದನ್ನು ಕೊಡಲು ಬಂದಳು.

ಅಪ್ಪನಿಗೆ ಅವಮಾನವಾದಂತಾಯಿತು. "ನಾನು ಸೀರೆ ನೇಯೋನು, ಬಣ್ಣ ನೋಡೋನು ಕಣಮ್ಮ. ನಲವತ್ತು ವರ್ಷದಿಂದ ಅದೇ ಕೆಲಸ."

"ಸೀರೆ ಆದ್ರೆ ಕಣ್ಣಲ್ ನೋಡಿ. ಚಕ್ಕೋತ ಕೈಯಲ್ ನೋಡ್ಬೇಕು" ಎಂದು ಎರಡನ್ನೂ ಅಪ್ಪನ ಎರಡು ಅಂಗೈಗಳ ಮೇಲಿಟ್ಟಳು. "ಯಾವ್ದು ಭಾರ?"

ಎರಡನ್ನೂ ಅಲ್ಲೇ ಕೊಯ್ದು ತೋರಿಸಿದಳು. ಅಪ್ಪನ ಹಳದಿ ಹಣ್ಣಿನೊಳಗೆ ತೊಳೆಗಳು ಒಣಗಿ ಹತ್ತಿಯಾಗಿದ್ದವು. ಅವಳ ಮಾಸಲು ಹಣ್ಣಿನಲ್ಲಿ ರಸ ಮುಂಗೈಗೆ ಇಳಿಯಿತು. ಅಪ್ಪ ಒಂದು ತೊಳೆ ಬಾಯಿಗಿಟ್ಟುಕೊಂಡು, "ಒಳಗಿನ್ ಬಣ್ಣ ನೋಡು ಹೆಂಗಿದೆ!" ಎಂದರು. ಸೋತರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ. ಅಂದಿನಿಂದ ಆ ದಾರಿಯಲ್ಲಿ ಹೋದಾಗಲೆಲ್ಲ ಅವಳ ತೋಟದಲ್ಲಿ ನಿಲ್ಲುವುದು ಕಟ್ಟಳೆಯಾಯಿತು. ಚಕ್ಕೋತದ ಕಾಲವಲ್ಲದಾಗ ಬದನೆ, ಬೀನ್ಸ್, ಕೊತ್ತಂಬರಿ. ತೂಗಿ ಮುಗಿಸಿದ ಮೇಲೆ ಮುನಿಯಮ್ಮ ಕೊಸರು ಹಾಕುವುದಿತ್ತು. ಅವಳ ಕೊಸರೆಂದರೆ ಒಂದು ಹಿಡಿಯಲ್ಲ; ಎಷ್ಟೋ ಸಲ ನಾವು ಕೊಂಡದ್ದಕ್ಕಿಂತ ಕೊಸರೇ ಜಾಸ್ತಿ. ಬೇಡವೆಂದರೆ, "ನಾನು ತೂಕ ಮಾಡಿದ್ದು ನಿಮ್ಗೆ, ಇದು ನಮ್ಮ ಖುಷಿಗೆ" ಎನ್ನುವಳು.

ಈಗ ಸೀರೆಯ ವಿಷಯಕ್ಕೆ ಬರುತ್ತೇನೆ.

ಎರಡು ವರ್ಷದ ಕೆಳಗೆ ನನ್ನ ಮಗಳ ಮದುವೆ ಮಾತಾಯಿತು. ಎಪ್ಪತ್ತು ದಾಟಿದ್ದ ಅಪ್ಪ, "ನಿಶ್ಚಿತಾರ್ಥದ ಸೀರೆ ಯಾರೂ ತರ್ಬೇಡಿ. ನನ್ ಮೊಮ್ಮಗಳಿಗೆ ಬದನೆಕಾಯಿ ಬಣ್ಣದ್ದು ನಾನೇ ನೇಯ್ತೀನಿ" ಎಂದು ಘೋಷಿಸಿದರು. ಮುನಿಯಮ್ಮನ ತೋಟದಿಂದಲೇ ಬದನೆಕಾಯಿ ತಂದರು. ಅದನ್ನು ಜೇಬಿನಲ್ಲಿಟ್ಟುಕೊಂಡು ಬಣ್ಣದ ಮನೆಗೆ ಹೋದರು. ಒಂದೂವರೆ ತಿಂಗಳಾದ ಮೇಲೆ ನಮ್ಮನ್ನೆಲ್ಲ ಕರೆದು ಸೀರೆ ಬಿಡಿಸಿ ತೋರಿಸಿದರು.

ಸೀರೆ ಕಂದು ಬಣ್ಣದ್ದಾಗಿತ್ತು.

ಬದನೆಕಾಯಿಯ ನೇರಳೆಯ ಸುಳಿವೂ ಇಲ್ಲ. ಇಟ್ಟಿಗೆಗೆ ಸ್ವಲ್ಪ ಕಪ್ಪು ಬೆರೆಸಿದ ಹಾಗೆ. ಅಪ್ಪ ಸೆರಗನ್ನು ಕಿಟಕಿಯ ಬೆಳಕಿಗೆ ಹಿಡಿದು, "ಹೆಂಗಿದೆ? ಗಿಡದಿಂದ ಈಗ್ ತಾನೇ ಕಿತ್ತಂಗಿಲ್ವಾ?" ಎಂದರು. ನಾನು ಅಮ್ಮನ ಮುಖ ನೋಡಿದೆ, ಅಮ್ಮ ನನ್ನ ಮುಖ ನೋಡಿದರು. ನಾನು "ಚೆನ್ನಾಗಿದೆ ಅಪ್ಪಾ" ಎಂದೆ. ಮಗಳೂ "ಸೂಪರ್ ತಾತ" ಎಂದಳು. ಅಡುಗೆಮನೆಗೆ ಬಂದ ಮೇಲೆ ಅಮ್ಮ ಪಿಸುಗುಟ್ಟಿದರು: "ಈಗಿನ ಬದನೆಕಾಯಿ ಹಿಂಗೇ ಬರ್ತಾವೇನೋ? ಎಲ್ಲಾ ಹೈಬ್ರಿಡ್ ಅಲ್ವಾ?"

ನಾನು ಬಣ್ಣ ಹಾಕಿದವರಿಗೆ ಫೋನ್ ಮಾಡಿ ಕೇಳಿದೆ. ಅವರು ತೊದಲಿದರು. "ಎರಡು ಲಡಿ ಇಟ್ಟಿದ್ದೆ ಅಕ್ಕಾ. ಒಂದು ಬದನೆ, ಇನ್ನೊಂದು ಯಾರದೋ ಕಂದು. ಕಾಯಿ ಪಕ್ಕದಲ್ಲಿಟ್ಟು ನೋಡಿ ಕಂದನ್ನೇ ಇದೇ ಅಂದ್ರು. ಅವರ ಕಣ್ಣಿಗೆ ನಾನು ಎದುರು ಹೇಳೋಕಾಗ್ತದಾ?" ಐವತ್ತು ವರ್ಷದಿಂದ ಬೀದಿಗೆಲ್ಲ ಅಪ್ಪನ ಕಣ್ಣೇ ಪ್ರಮಾಣ. ಅದು ತಪ್ಪಿರಬಹುದು ಎಂದು ಹೇಳುವ ಬಾಯಿ ಯಾರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಆಮೇಲೆ ಒಂದೊಂದೇ ಹೊಳೆಯಿತು: ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವುದು, ಪೇಪರನ್ನು ಅಮ್ಮನ ಕೈಲಿ ಓದಿಸುವುದು, ಸಂಜೆಯಾದರೆ ಮನೆಯಿಂದ ಹೊರಡದಿರುವುದು. ಕಣ್ಣು ತೋರಿಸೋಣ ಎಂದರೆ, "ನನ್ ಕಣ್ಣಿಗೇನಾಗಿದೆ? ಸೀರೆ ನೋಡ್ಲಿಲ್ವಾ ನೀನು?" ಎಂದುಬಿಟ್ಟರು. ನಾನೇ ಚೆನ್ನಾಗಿದೆ ಎಂದಿದ್ದೆನಲ್ಲ, ಈಗ ಯಾವ ಬಾಯಲ್ಲಿ ಹೇಳಲಿ? ನನ್ನ ಒಂದು ಸುಳ್ಳು ಅವರ ಎರಡು ಕಣ್ಣಿಗೆ ಅಡ್ಡ ಕೂತಿತ್ತು. ಒಂದು ತಿಂಗಳು ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಹಾಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಅಪ್ಪ, "ಮುನಿಯಮ್ಮನಿಗೆ ಸೀರೆ ತೋರಿಸ್ಬೇಕು, ಅವಳ ಗಿಡದ್ ಬಣ್ಣ ಅಲ್ವಾ?" ಎಂದರು. ನಾನೇ ಕರೆದುಕೊಂಡು ಹೋದೆ. ಬದನೆ ಮಡಿಯ ಪಕ್ಕ ನಿಂತು ಅಪ್ಪ ಸೀರೆಯ ಮಡಿಕೆ ಬಿಚ್ಚಿ ಒಂದು ಕಾಯಿಯ ಮೇಲೆ ಹರಡಿದರು. "ನೋಡು ತಾಯಿ. ಒಂದೆಳೆ ಆಚೆ ಈಚೆ ಐತಾ?"

ಮುನಿಯಮ್ಮ ಸೀರೆ ನೋಡಿದಳು, ಕಾಯಿ ನೋಡಿದಳು, ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿದೆ. ಅವಳು ರಾಶಿಯಿಂದ ಎರಡು ಚಕ್ಕೋತ ತಂದು ಅಪ್ಪನ ಅಂಗೈಗಳ ಮೇಲಿಟ್ಟಳು. "ಯಾವ್ದು ಒಳ್ಳೇದು ಹೇಳಿ ಅಣ್ಣಾ."

ಅಪ್ಪ ಕಣ್ಣು ಮುಚ್ಚಿ ತೂಗಿ ನೋಡಿ, "ಬಲಗೈದು" ಎಂದರು.

"ಸರಿಯಾಗ್ ಹೇಳಿದ್ರಿ. ಹಣ್ಣು ಕೈಗೆ ಗೊತ್ತಾಗ್ತದೆ. ಬಣ್ಣ ಕೈಗೆ ಗೊತ್ತಾಗಕಿಲ್ಲ ಅಣ್ಣಾ. ಈ ಸೀರೆ ಬದ್ನೆಕಾಯಿ ಬಣ್ಣ ಅಲ್ಲ. ಕಣ್ಣು ತೋರಿಸ್ಕಳಿ."

ಅಪ್ಪ ಎರಡೂ ಹಣ್ಣನ್ನು ಕೆಳಗಿಟ್ಟರು. ಮುನಿಯಮ್ಮ ಮಾತ್ರ ಏನೂ ಆಗಿಲ್ಲವೆಂಬಂತೆ ಮುಂದುವರಿಸಿದಳು. "ನಮ್ಮತ್ತೆಗೂ ಹಿಂಗೇ ಆಗಿತ್ತು. ಕಳೆ ಕೀಳ್ತೀನಿ ಅಂತ ಒಂದು ಮಡಿ ಕೊತ್ತಂಬ್ರಿ ಪೂರಾ ಕಿತ್ತಾಕಿದ್ರು. ಪೊರೆ ಅಂದ್ರು ಡಾಕ್ಟ್ರು. ಆಪ್ರೇಸನ್ ಮಾಡಿಸ್ದೋ. ಈಗ ಎಲ್ಲಾ ಕಾಣ್ತದೆ. ನಾನ್ ಪಾತ್ರೆ ಸರಿಯಾಗ್ ಬೆಳಗಿಲ್ಲ ಅನ್ನೋದೂ ಕಾಣ್ತದೆ. ನಂಗದೇ ಕಷ್ಟ!"

ಅಪ್ಪನಿಗೆ ನಗು ಬಂತು. ನಗುತ್ತಲೇ ಸೀರೆ ಮಡಿಸಿದರು. ಮುನಿಯಮ್ಮ ಅವತ್ತು ಆ ಬಲಗೈ ಹಣ್ಣನ್ನು ಕೊಸರು ಎಂದು ಕೊಟ್ಟಳು. ನಾವು ಏನನ್ನೂ ಕೊಂಡಿರಲಿಲ್ಲ.

ಕಾರಿನಲ್ಲಿ ವಾಪಸ್ಸು ಬರುವಾಗ ಅಪ್ಪ ಕೇಳಿದರು. "ನಿಂಗೆ ಮೊದ್ಲೇ ಗೊತ್ತಿತ್ತಾ?"

"ಹೂಂ ಅಪ್ಪಾ."

"ಚೆನ್ನಾಗಿದೆ ಅಂದಲ್ಲಮ್ಮಾ."

ಮಗಳಾದ ನಾನು ಹೇಳಬೇಕಾಗಿದ್ದ ಮಾತನ್ನು ದಾರಿಬದಿಯ ತೋಟದವಳು ಹೇಳಿದ್ದಳು. ಅಪ್ಪನ ಮರ್ಯಾದೆಗೆ ಒಂದಿಷ್ಟೂ ಪೆಟ್ಟು ಬೀಳದ ಹಾಗೆ, ಮೊದಲು ಅವರ ಕೈಯನ್ನು ಗೆಲ್ಲಿಸಿ, ಆಮೇಲೆ ಕಣ್ಣನ್ನು ಸೋಲಿಸಿದ್ದಳು. ಅವಳ ಋಣ ನನ್ನ ಮೇಲಿದೆ, ಅದು ತೀರುವಂಥದ್ದಲ್ಲ.

ಮಾರನೆಯ ವಾರವೇ ಆಸ್ಪತ್ರೆಗೆ ಹೋದೆವು. ಪೊರೆ ಬಲಿತು ಗಟ್ಟಿಯಾಗಿದೆ, ಇನ್ನೂ ತಡ ಮಾಡಿದ್ದರೆ ಕಷ್ಟವಾಗುತ್ತಿತ್ತು ಎಂದರು ಡಾಕ್ಟರು. ಒಂದಾದ ಮೇಲೊಂದು ಎರಡೂ ಕಣ್ಣಿಗೆ ಆಪರೇಷನ್ ಆಯಿತು. ಎರಡನೆಯ ಪಟ್ಟಿ ಬಿಚ್ಚಿದ ದಿನ ಅಪ್ಪ ಮೊದಲು ಅಮ್ಮನನ್ನು ನೋಡಿ, "ಏನೇ ಇದು, ಮುಖದ್ ಮೇಲೆ ಇಷ್ಟೊಂದು ನೆರಿಗೆ?" ಎಂದರು. "ಹೋಗಿ ಮೊದ್ಲು ಕನ್ನಡಿ ನೋಡ್ಕೊಳಿ" ಎಂದರು ಅಮ್ಮ. ಮನೆಗೆ ಬಂದವರೇ ಅಪ್ಪ ಸೀರೆ ತರಿಸಿಕೊಂಡರು. ಕಿಟಕಿಯ ಹತ್ತಿರ ನಿಂತು ನೋಡಿದರು. ತುಂಬ ಹೊತ್ತು ನೋಡಿದರು. "ಯಾವನೋ ಇದನ್ನ ನೇಯ್ದೋನು?" ಎಂದು ನಗಲು ಹೋದವರು ನಗಲಿಲ್ಲ.

ಮತ್ತೆ ನೂಲಿಗೆ ಬಣ್ಣ ಹಾಕಿಸಿ, ಮಗಳ ನಿಶ್ಚಿತಾರ್ಥಕ್ಕೆ ನಾಲ್ಕು ದಿನ ಇರುವಾಗ ಬದನೆಕಾಯಿ ಸೀರೆ ಮುಗಿಸಿದರು. ಈ ಸಲ ಅದು ನಿಜವಾಗಿಯೂ ಗಿಡದಿಂದ ಆಗ ತಾನೇ ಕಿತ್ತ ಹಾಗಿತ್ತು. ಆದರೆ ಕಂದು ಸೀರೆಯನ್ನು ಬೀರುವಿನ ಅಡಿಗೆ ತುರುಕಿ, ಅದರ ಮಾತೇ ಎತ್ತಬಾರದೆಂದು ಆಜ್ಞೆ ಮಾಡಿದ್ದರು. ಕಣ್ಣು ಬಂದರೂ ಅಪ್ಪನಿಗೆ ತಮ್ಮ ಕಣ್ಣಿನ ಮೇಲೆ ಮೊದಲಿನ ನೆಚ್ಚಿಕೆ ಬರಲಿಲ್ಲ. ಲಡಿ ನೋಡಿ ಹೇಳಿದ ಮೇಲೆ ನಮ್ಮನ್ನು ಕರೆದು, "ಸರಿಯಾಗಿದೆಯಾ? ನಿಜ ಹೇಳಿ" ಎನ್ನುವರು. ನಾವು ಹೌದೆಂದರೆ ನಂಬುತ್ತಿರಲಿಲ್ಲ. ತಪ್ಪು ನಮ್ಮದೇ. ಅಂಥ ನೇಕಾರರು ಹಾಗೆ ಕೇಳುವುದನ್ನು ನೋಡಲಾಗುತ್ತಿರಲಿಲ್ಲ.

ನಿಶ್ಚಿತಾರ್ಥಕ್ಕೆ ಕರೆಯಲು ಮುನಿಯಮ್ಮನ ಮನೆಗೆ ಹೋದೆವು. ಅಮ್ಮ ಅಪ್ಪನಿಗೆ ತಿಳಿಯದಂತೆ ಕಂದು ಸೀರೆಯನ್ನೂ ಚೀಲಕ್ಕೆ ಹಾಕಿ ನನ್ನ ಕೈಲಿ ಕೊಟ್ಟಿದ್ದರು: "ಅವಳಿಗೇ ಕೊಟ್ಬಿಡು. ಬೇಡ ಅಂದ್ರೆ ತಂದ್ಬಿಡು." ಎಲೆ ಅಡಿಕೆ ತೆಗೆಯುವಾಗ ಸೀರೆ ಅಪ್ಪನ ಕಣ್ಣಿಗೆ ಬಿತ್ತು. ಮುಖ ಕೆಂಪಾಯಿತು. "ಅದ್ಯಾಕ್ ತಂದೆ? ಅದು ಕೆಟ್ಟೋಗಿರೋ ಸೀರೆ. ನಿಂಗೆ ಬೇರೆ ನೇಯ್ದು ಕೊಡ್ತೀನಿ ಮುನಿಯಮ್ಮಾ."

ಮುನಿಯಮ್ಮ ಸೀರೆಯನ್ನು ಕೈಗೆ ತೆಗೆದುಕೊಂಡು ಬಾಗಿಲ ಬೆಳಕಿಗೆ ಬಂದಳು. "ಕೆಟ್ಟೋಗಿದೆ ಅಂದೋರ್ಯಾರು? ಬದ್ನೆಕಾಯಿ ಅಲ್ಲ ಅಂದಿದ್ದೆ ಅಷ್ಟೇ." ಒಳಗೆ ಹೋಗಿ ಒಂದು ಮೊರದಲ್ಲಿ ಹೊಸ ರಾಗಿ ತಂದು ಅಪ್ಪನ ಮುಂದೆ ಇಟ್ಟಳು. "ನೋಡಿ ಅಣ್ಣಾ. ಈಗ ನೀವೇ ಹೇಳಿ."

ಅಪ್ಪ ಒಂದು ಹಿಡಿ ರಾಗಿ ತೆಗೆದುಕೊಂಡು ಸೆರಗಿನ ಮೇಲೆ ಸುರಿದರು. ಕಾಳು ಕಾಣಲಿಲ್ಲ. ಬಟ್ಟೆಯಲ್ಲಿ ಬಟ್ಟೆಯಾಗಿ ಹೋಯಿತು. ಅಪ್ಪ ಬಗ್ಗಿ ನೋಡಿದರು, ಬೆರಳಿಂದ ಸವರಿ ನೋಡಿದರು, ಬಿಸಿಲಿಗೆ ತಿರುಗಿಸಿ ನೋಡಿದರು. "ಒಂದೆಳೆ ಆಚೆ ಈಚೆ ಇಲ್ಲ" ಎಂದರು. ಯಾರನ್ನೂ ಕೇಳದೆ, ತಾವೇ ಹೇಳಿದರು.

ಮುನಿಯಮ್ಮ ಆ ಸೀರೆಯುಟ್ಟೇ ನಿಶ್ಚಿತಾರ್ಥಕ್ಕೆ ಬಂದಳು. ರವಿಕೆ ಅವಳಲ್ಲೇ ಇತ್ತಂತೆ. ಮಿಕ್ಕ ಕಣದಲ್ಲಿ ಚೀಲ ಹೊಲಿದು, ಅದರ ತುಂಬ ಚಕ್ಕೋತ ತುಂಬಿ ತಂದಿದ್ದಳು. "ಸೀರೆ ಕೊಟ್ಟೋರ ಮನೆಗೆ ಖಾಲಿ ಕೈಲಿ ಬರ್ಬಾರ್ದು" ಎಂದಳು. ಅವಳು ಚಪ್ಪರದ ಕಡೆಗೆ ನಡೆದು ಬರುವಾಗ ನಾನು ಅಪ್ಪನ ಪಕ್ಕ ನಿಂತಿದ್ದೆ. ಬಿಸಿಲು ಬಿದ್ದು ಆ ಕಂದು, ಅಲ್ಲ, ಆ ರಾಗಿ ಬಣ್ಣ ಬಹಳ ಲಕ್ಷಣವಾಗಿ ಕಾಣುತ್ತಿತ್ತು.

"ಚೆನ್ನಾಗಿದೆ ಅಪ್ಪಾ" ಎಂದೆ.

ಅಪ್ಪ ನನ್ನ ಕಡೆ ತಿರುಗಿ, ಹೊಸ ಕಣ್ಣಿನಲ್ಲಿ ನನ್ನ ಮುಖವನ್ನು ಚೆನ್ನಾಗಿ ನೋಡಿದರು.

"ಈ ಸಲ ನಂಬ್ತೀನಿ ಕಣಮ್ಮ" ಎಂದರು.